ಆರ್ಡರ್ ಕೊಟ್ಟು ಮಾಡಿಸುವ ಪೆಪ್ಟೈಡ್: ದಾವಣಗೆರೆ ಲ್ಯಾಬಿನ ತಕ್ಕಡಿಯಲ್ಲಿ

ಅಮೈನೊ ಆಮ್ಲಗಳ ಸರಣಿ ಬರೆದು ಮೇಲ್ ಮಾಡಿದರೆ ಕೆಲವು ವಾರಗಳಲ್ಲಿ ಬಿಳಿ ಪುಡಿಯ ಪುಟ್ಟ ವಯಲ್ ಕೊರಿಯರಿನಲ್ಲಿ ಬರುತ್ತದೆ. ಇದನ್ನು ಕಸ್ಟಮ್ ಪೆಪ್ಟೈಡ್ ಸೇವೆ ಎನ್ನುತ್ತಾರೆ; ಪೆಪ್ಟೈಡ್ ಎಂದರೆ ಅಮೈನೊ ಆಮ್ಲಗಳ ಚಿಕ್ಕ ಸರಪಳಿ. ಶಾಮನೂರು ರಸ್ತೆಯ ಕಾಲೇಜುಗಳಿರಲಿ, ತೋಳಹುಣಸೆಯ ಶಿವಗಂಗೋತ್ರಿ ಕ್ಯಾಂಪಸ್ಸಿರಲಿ, ಚಿತ್ರದುರ್ಗದ ಫಾರ್ಮಸಿ ವಿಭಾಗಗಳಿರಲಿ, ಪೆಪ್ಟೈಡ್ ಕೆಲಸ ಮಾಡುವವರಿಗೆ ಸ್ವಂತ ಸಿಂಥಸೈಜರ್ ಕೊಳ್ಳುವುದಕ್ಕಿಂತ ಇದೇ ಹಗುರದ ದಾರಿ. ಇಲ್ಲಿ ಈ ಸೇವೆಯನ್ನು ಒಂದೇ ಒಂದು ಉಪಯೋಗದ ಕಣ್ಣಿನಿಂದ ನೋಡಲಾಗಿದೆ: ಜೀವಕೋಶದ ಮೈಮೇಲಿರುವ ಒಂದು ನಿರ್ದಿಷ್ಟ ರಿಸೆಪ್ಟರನ್ನು ಮಾತ್ರ ಹಿಡಿದು, ಪೆಟ್ ಸ್ಕ್ಯಾನ್ ಅಥವಾ ಗಾಮಾ ಕ್ಯಾಮೆರಾದಲ್ಲಿ ತೋರಿಸಬೇಕಾದ ಲಿಗಾಂಡ್ (ರಿಸೆಪ್ಟರಿಗೆ ಅಂಟುವ ಅಣು) ಮಾಡಿಸುವುದು. ಕಂಪನಿಗಳ ಹೆಸರು ಹಾಕಿಲ್ಲ. ಅವುಗಳ ಫಾರ್ಮು, ರಿಪೋರ್ಟು, ಷರತ್ತುಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು, ತೊಂದರೆಗಳೂ ಹಾಗೇ.

ಅಂಕ ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಿಂಥೆಸಿಸ್‌ಗೆ ಐದರಲ್ಲಿ ನಾಲ್ಕು. ಪ್ಯಾಕಿಂಗ್‌ಗೆ ಮೂರೂವರೆ. ವಯಲ್ ಜೊತೆ ಬರುವ ವಿಶ್ಲೇಷಣಾ ಪ್ರಮಾಣಪತ್ರಕ್ಕೆ, ಅಂದರೆ ಎಲ್ಲರೂ ಸಿಓಎ ಎಂದು ಕರೆಯುವ ಹಾಳೆಗೆ, ಎರಡು. ಆ ಹಾಳೆಯಲ್ಲಿ ಸುಳ್ಳಿರುತ್ತದೆ ಎಂದಲ್ಲ, ಇಮೇಜಿಂಗ್ ಲಿಗಾಂಡಿಗೆ ಬೇಕಾದ ಸಂಗತಿಗಳಲ್ಲಿ ಅದು ಸಾಮಾನ್ಯವಾಗಿ ಕೆಲವನ್ನಷ್ಟೇ ಹೇಳುತ್ತದೆ.

ಇಂಥ ಸೇವೆಯನ್ನು ಅಳೆಯಲು ಹೊಸ ಲಿಗಾಂಡ್ ಆರ್ಡರ್ ಮಾಡಬಾರದು. ಹೊಸದು ಕೆಲಸ ಮಾಡದಿದ್ದರೆ ವಿನ್ಯಾಸ ಕೆಟ್ಟಿತೋ, ತಯಾರಿ ಕೆಟ್ಟಿತೋ, ನಿಮ್ಮ ಅಸ್ಸೇ (ಅಳತೆಯ ಪ್ರಯೋಗ) ಕೆಟ್ಟಿತೋ ಗೊತ್ತಾಗುವುದಿಲ್ಲ. ನ್ಯೂರೊಎಂಡೊಕ್ರೈನ್ (ಹಾರ್ಮೋನು ಸ್ರವಿಸುವ ಕೋಶಗಳ) ಗೆಡ್ಡೆಗಳನ್ನು ಸ್ಕ್ಯಾನಿನಲ್ಲಿ ತೋರಿಸಲು ಬಳಸುವ, ಎಲ್ಲ ಅಂಕಿಅಂಶ ಗೊತ್ತಿರುವ ಡೋಟಾಟೇಟ್ ಮೊದಲ ಆರ್ಡರಿಗೆ ಸರಿಯಾದ ಆಯ್ಕೆ. ಎಂಟು ಅಮೈನೊ ಆಮ್ಲ, ಒಂದು ಡೈಸಲ್ಫೈಡ್ ಉಂಗುರ, ಎರಡು ಡಿ-ರೂಪದ (ಸಾಮಾನ್ಯ ಎಲ್-ರೂಪದ ಕೈಗನ್ನಡಿ) ಘಟಕ, ತುದಿಗೊಂದು ಕೀಲೇಟರ್, ಅಂದರೆ ಲೋಹವನ್ನು ಹಿಡಿದಿಡುವ ಗುಂಪು. ತಪ್ಪಾಗಬಹುದಾದದ್ದೆಲ್ಲ ಇದೊಂದರಲ್ಲೇ ಇದೆ.

ಸರಣಿ ಹೀಗೆ: ಡೋಟಾ (ಅದೇ ಕೀಲೇಟರ್), ಡಿ-ಫಿನೈಲಅಲನಿನ್, ಸಿಸ್ಟೀನ್, ಟೈರೊಸಿನ್, ಡಿ-ಟ್ರಿಪ್ಟೊಫ್ಯಾನ್, ಲೈಸಿನ್, ಥ್ರಿಯೊನಿನ್, ಸಿಸ್ಟೀನ್, ಥ್ರಿಯೊನಿನ್. ಎರಡು ಸಿಸ್ಟೀನ್‌ಗಳ ನಡುವೆ ಗಂಧಕದ ಸೇತುವೆ. ಇದರ ಮೂಲ ಸೊಮ್ಯಾಟೊಸ್ಟ್ಯಾಟಿನ್ ಹಾರ್ಮೋನು. 1973ರಲ್ಲಿ ಅದರ ರಚನೆ ಹೊರಬಂತು. 1977ರ ವೈದ್ಯಕೀಯ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ರೋಜರ್ ಗಿಲ್ಮಾ ಅವರ ಲ್ಯಾಬಿನ ಕೆಲಸ ಅದು. ಆ ಹಾರ್ಮೋನು ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ, ಕಿಣ್ವಗಳು ಕತ್ತರಿಸಿ ಹಾಕುತ್ತವೆ. ಅದರ ಹದಿನಾಲ್ಕು ಅಮೈನೊ ಆಮ್ಲಗಳನ್ನು ಎಂಟಕ್ಕೆ ಇಳಿಸಿ, ಉಂಗುರವನ್ನು ಚಿಕ್ಕದು ಮಾಡಿ, ಟ್ರಿಪ್ಟೊಫ್ಯಾನನ್ನು ಡಿ-ರೂಪಕ್ಕೆ ತಿರುಗಿಸಿದಾಗ ಆಕ್ಟ್ರಿಯೊಟೈಡ್ ಬಂತು; ಅದರ ಅರ್ಧಾಯು ಒಂದೂವರೆ ಗಂಟೆಯ ಮೇಲೆ. ರಿಸೆಪ್ಟರ್ ಗುರುತಿಸುವುದು ಉಂಗುರದ ತಿರುವಿನಲ್ಲಿರುವ ಟ್ರಿಪ್ಟೊಫ್ಯಾನ್–ಲೈಸಿನ್ ಜೋಡಿಯನ್ನು. ಲೈಸಿನ್ನಿನ ಧನಾವೇಶದ ತುದಿ ಎಸ್‌ಎಸ್‌ಟಿಆರ್2 (ಸೊಮ್ಯಾಟೊಸ್ಟ್ಯಾಟಿನ್ ರಿಸೆಪ್ಟರಿನ ಎರಡನೇ ಉಪಬಗೆ) ರಿಸೆಪ್ಟರಿನ 122ನೇ ಆಸ್ಪಾರ್ಟೇಟಿನ ಜೊತೆ ಕೂಡಿಕೊಳ್ಳುತ್ತದೆ. ಈ ಲೈಸಿನ್ನನ್ನು ನೆನಪಿಡಿ, ಆರ್ಡರ್ ಫಾರ್ಮಿನಲ್ಲಿ ಇದರ ಕಥೆ ಮತ್ತೆ ಬರುತ್ತದೆ.

ಸೊಮ್ಯಾಟೊಸ್ಟ್ಯಾಟಿನ್ ರಿಸೆಪ್ಟರಿನಲ್ಲಿ ಐದು ಉಪಬಗೆ. ನ್ಯೂರೊಎಂಡೊಕ್ರೈನ್ ಗೆಡ್ಡೆಗಳಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದು. ಲಿಗಾಂಡಿನ ಆಯ್ಕೆಯ ಗುಣ ಎಷ್ಟು ಸಣ್ಣ ಬದಲಾವಣೆಗೆ ತೂಗಾಡುತ್ತದೆ ಎಂಬುದಕ್ಕೆ ಪ್ರಕಟವಾದ ಐಸಿ50 ಅಂಕಿಗಳನ್ನು ನೋಡಿ. ಐಸಿ50 ಎಂದರೆ ರಿಸೆಪ್ಟರಿನಲ್ಲಿ ಕೂತ ಗುರುತಿನ ಲಿಗಾಂಡಿನ ಅರ್ಧವನ್ನು ತಳ್ಳಿಹಾಕಲು ಬೇಕಾದ ಸಾಂದ್ರತೆ, ಕಡಿಮೆ ಇದ್ದಷ್ಟೂ ಹಿಡಿತ ಬಿಗಿ. ಗ್ಯಾಲಿಯಂ ಲೋಹ ಕೂತ ಡೋಟಾಟೇಟಿಗೆ ಎಸ್‌ಎಸ್‌ಟಿಆರ್2ರ ಮೇಲೆ 0.2 ನ್ಯಾನೊಮೋಲಾರ್, ಎಸ್‌ಎಸ್‌ಟಿಆರ್5ರ ಮೇಲೆ 377. ಕೊನೆಯ ಥ್ರಿಯೊನಿನ್ನಿನ ಆಮ್ಲದ ತುದಿಯನ್ನು ಆಲ್ಕೊಹಾಲಾಗಿ ಬದಲಿಸಿದ ಡೋಟಾಟಾಕ್‌ಗೆ ಅದೇ ಅಂಕಿಗಳು 2.5 ಮತ್ತು 73. ಮೂರನೇ ಜಾಗದ ಟೈರೊಸಿನ್ ಬದಲು ನ್ಯಾಫ್ತೈಲ್ ಇರುವ ಡೋಟಾನಾಕ್‌ಗೆ 1.9 ಮತ್ತು 7.2, ಜೊತೆಗೆ ಮೂರನೇ ಉಪಬಗೆಗೂ 40. ಲೋಹ ಬದಲಾದರೂ ಹೀಗೇ: ಡೋಟಾಟಾಕ್‌ನಲ್ಲಿ ಗ್ಯಾಲಿಯಂ ಬದಲು ಇಟ್ರಿಯಂ ಕೂರಿಸಿದರೆ 2.5 ಇದ್ದದ್ದು 11 ಆಗುತ್ತದೆ. ಇನ್ನೊಂದು ಕುಲದ ಲಿಗಾಂಡ್ ಆದ ಜೆಆರ್11ನಲ್ಲಿ, ಗ್ಯಾಲಿಯಂ ಜೊತೆ ಡೋಟಾ ಹಾಕಿದರೆ 29, ನೋಡಾಗಾ ಎಂಬ ಬೇರೆ ಕೀಲೇಟರ್ ಹಾಕಿದರೆ 1.2. ಪೆಪ್ಟೈಡ್ ಒಂದೇ, ಬಾಲ ಬೇರೆ, ವ್ಯತ್ಯಾಸ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ಕಂಪ್ಯೂಟರಿನಲ್ಲಿ ಬರೀ ಪೆಪ್ಟೈಡನ್ನು ಡಾಕಿಂಗ್ ಮಾಡಿ (ರಿಸೆಪ್ಟರಿನಲ್ಲಿ ಹೇಗೆ ಕೂರುತ್ತದೆ ಎಂದು ಲೆಕ್ಕ ಹಾಕಿ), ಕೀಲೇಟರನ್ನು ಆಮೇಲೆ ಅಂಟಿಸಿದರಾಯಿತು ಎಂದುಕೊಳ್ಳುವ ಎಂಫಾರ್ಮ ಪ್ರಾಜೆಕ್ಟುಗಳು ಎಡವುವುದು ಇಲ್ಲೇ. ವಿನ್ಯಾಸದ ಮಟ್ಟದಲ್ಲೇ ಲಿಗಾಂಡ್ ಅಂದರೆ ಪೆಪ್ಟೈಡ್, ಕೀಲೇಟರ್, ಲೋಹ ಮೂರೂ ಕೂಡಿದ ಒಂದು ಅಣು.

ಈಗ ಫಾರ್ಮು. ಸರಣಿ ಬರೆಯುವ ಖಾನೆಯಲ್ಲಿ ಒಂದಕ್ಷರದ ಸಂಕೇತ ಬಳಸಬೇಡಿ. ಡಿ-ರೂಪಕ್ಕೆ ಸಣ್ಣ ಅಕ್ಷರ, ಎಲ್-ರೂಪಕ್ಕೆ ದೊಡ್ಡ ಅಕ್ಷರ ಎಂಬ ಪದ್ಧತಿ ಎಕ್ಸೆಲ್ ಶೀಟಿನಲ್ಲೋ, ಇಮೇಲಿನಿಂದ ಕಾಪಿ ಮಾಡುವಾಗಲೋ ಅಳಿಸಿಹೋಗುತ್ತದೆ. ಅಳಿಸಿಹೋದರೆ ಬರುವ ಪೆಪ್ಟೈಡಿನ ತೂಕ, ಮಾಸ್ ಸ್ಪೆಕ್ಟ್ರಮ್ (ಅಣುತೂಕ ಅಳೆಯುವ ಯಂತ್ರದ ಗ್ರಾಫು), ಎಲ್ಲವೂ ಸರಿಯಾಗೇ ಕಾಣುತ್ತದೆ. ಕೈಗನ್ನಡಿ ರೂಪಕ್ಕೆ ತೂಕದ ವ್ಯತ್ಯಾಸ ಇಲ್ಲವಲ್ಲ. ಮೂರಕ್ಷರದ ಸಂಕೇತದಲ್ಲಿ, ಪ್ರತಿ ಡಿ-ಘಟಕದ ಹೆಸರಿಗೆ ಮೊದಲು ಡಿ ಎಂದು ಬಿಡಿಸಿ ಬರೆಯಿರಿ.

ಸಿ-ತುದಿ (ಸರಣಿಯ ಕೊನೆ) ಆಮ್ಲವೋ ಅಮೈಡೋ ಎಂಬ ಖಾನೆಯನ್ನು ಖಾಲಿ ಬಿಡಬಾರದು. ಡೋಟಾಟೇಟಿಗೆ ಆಮ್ಲ ಬೇಕು. ಅಮೈಡ್ ಬಂದರೆ ತೂಕದಲ್ಲಿ ಒಂದು ಡಾಲ್ಟನ್ ಕಡಿಮೆ, ಅಷ್ಟೇ. ಎರಡು ಆವೇಶದ ಅಯಾನಿನಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಕಡಿಮೆ ರೆಸಲ್ಯೂಶನ್ನಿನ ಯಂತ್ರದ ಗ್ರಾಫಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಡೋಟಾ ಜೋಡಿಸುವ ವಿಧಾನದಲ್ಲಿ. ಎರಡು ದಾರಿ ಇವೆ. ಪೆಪ್ಟೈಡ್ ಇನ್ನೂ ರೆಸಿನ್ (ಅದನ್ನು ಕಟ್ಟುವ ಪ್ಲಾಸ್ಟಿಕ್ ಮಣಿ) ಮೇಲಿರುವಾಗಲೇ, ಲೈಸಿನ್ನಿಗೆ ಬಾಕ್ ಎಂಬ ರಕ್ಷಣೆಯ ಮುಸುಕು ಹಾಕಿಟ್ಟು, ಡೋಟಾದ ಮೂರು ಕೈಗಳನ್ನು ಟರ್ಟ್-ಬ್ಯುಟೈಲಿನಿಂದ ಮುಚ್ಚಿ, ನಾಲ್ಕನೆಯದನ್ನು ಎನ್-ತುದಿಗೆ (ಸರಣಿಯ ಮೊದಲ ತುದಿ) ಕೂರಿಸುವುದು ಒಂದು. ಪೆಪ್ಟೈಡನ್ನು ಪೂರ್ತಿ ಬಿಡಿಸಿಕೊಂಡ ಮೇಲೆ ದ್ರಾವಣದಲ್ಲಿ ಡೋಟಾ-ಎನ್‌ಎಚ್‌ಎಸ್ ಎಸ್ಟರ್ ಹಾಕುವುದು ಇನ್ನೊಂದು. ಎರಡನೆಯದರಲ್ಲಿ ಡೋಟಾಕ್ಕೆ ಹಿಡಿಯಲು ಎರಡು ಅಮೈನ್ ಸಿಗುತ್ತವೆ: ಎನ್-ತುದಿ ಮತ್ತು ಆ ಲೈಸಿನ್. ಲೈಸಿನ್ನಿಗೆ ಕೂತರೆ ರಿಸೆಪ್ಟರಿನ ಆಸ್ಪಾರ್ಟೇಟಿಗೆ ಏನೂ ಸಿಗದು, ಲಿಗಾಂಡ್ ಕುರುಡಾಗುತ್ತದೆ. ತೂಕ ಮಾತ್ರ ಅದೇ, 1435.6. ಆದ್ದರಿಂದ ಆರ್ಡರಿನಲ್ಲಿ "ಡೋಟಾ ಎನ್-ತುದಿಗೆ, ರೆಸಿನ್ ಮೇಲೆಯೇ, ಲೈಸಿನ್ ಬಾಕ್ ರಕ್ಷಣೆಯಲ್ಲಿದ್ದಾಗ" ಎಂಬ ಷರತ್ತು ಬರೆಯಿರಿ. ಸೇಲ್ಸ್‌ನವರು "ಆಯ್ತು ಸರ್, ನಮ್ಮ ಪದ್ಧತಿಯೇ ಅದು" ಎಂದು ಫೋನಿನಲ್ಲಿ ಹೇಳಿದರೆ ಸಾಲದು, ಕೋಟೇಶನ್ನಿನಲ್ಲಿ ಸಾಲು ಇರಲಿ.

ಡೈಸಲ್ಫೈಡ್ ಉಂಗುರವನ್ನು ಹೇಗೆ ಮುಚ್ಚುತ್ತಾರೆ ಎಂದೂ ಕೇಳಿ. ಅಯೋಡಿನ್ನಿನಿಂದ ಬೇಗ ಆಗುತ್ತದೆ, ಆದರೆ ಹೊತ್ತು ಮೀರಿದರೆ ಟ್ರಿಪ್ಟೊಫ್ಯಾನ್ ಸುಟ್ಟುಹೋಗಬಹುದು, ಟೈರೊಸಿನ್ನಿಗೆ ಅಯೋಡಿನ್ ಅಂಟಬಹುದು. ಆಗ ಮಾಸ್ ಸ್ಪೆಕ್ಟ್ರಮ್ಮಿನಲ್ಲಿ 126 ಹೆಚ್ಚಿನ ಮರಿಶಿಖರ ಕಾಣುತ್ತದೆ. ತೆಳು ದ್ರಾವಣದಲ್ಲಿ ಗಾಳಿಯಿಂದ ಅಥವಾ ಡಿಎಂಎಸ್‌ಓ ದ್ರಾವಕದಿಂದ ನಿಧಾನವಾಗಿ ಮುಚ್ಚುವುದು ಸೌಮ್ಯ. ದ್ರಾವಣ ಗಟ್ಟಿಯಾದರೆ ಒಂದು ಪೆಪ್ಟೈಡಿನ ಗಂಧಕ ಪಕ್ಕದ ಪೆಪ್ಟೈಡಿಗೆ ಸೇರಿ ಜೋಡಿ ಅಣು ಹುಟ್ಟುತ್ತದೆ.

ಪ್ರಮಾಣದ ಖಾನೆಯಲ್ಲಿ ಆಸೆ ಬೇಡ. 2016ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿದ ಗ್ಯಾಲಿಯಂ-ಡೋಟಾಟೇಟ್ ಕಿಟ್ಟಿನ ಒಂದು ವಯಲಿನಲ್ಲಿ ಇರುವುದು 40 ಮೈಕ್ರೊಗ್ರಾಂ ಮಾತ್ರ. 5 ಮಿಲಿಗ್ರಾಂ ಎಂದರೆ ಅಂಥ 125 ಪಾಲು. ಬೈಂಡಿಂಗ್ ಅಸ್ಸೇ, ಸೀರಮ್ ಸ್ಥಿರತೆ, ಲೇಬಲಿಂಗ್ (ಲೋಹ ಕೂರಿಸುವ) ಪ್ರಯೋಗ ಎಲ್ಲಕ್ಕೂ 5 ಮಿಲಿಗ್ರಾಂ ಧಾರಾಳ. ಆದರೆ ಒಂದೇ ವಯಲಿನಲ್ಲಿ ಬೇಡ. ಒಂದೊಂದು ಮಿಲಿಗ್ರಾಂನ ಐದು ವಯಲಾಗಿ ಹಂಚಿ ಕಳಿಸಿ ಎನ್ನಿ.

ಇನ್ನು ವಯಲ್ ಬಂದ ಮೇಲಿನ ಮಾತು, ಈ ಸೇವೆಗೆ ಅಂಕ ಕಳೆದದ್ದೂ ಇಲ್ಲೇ. ಸಿಓಎಯಲ್ಲಿ "ಶುದ್ಧತೆ 95%ಕ್ಕಿಂತ ಹೆಚ್ಚು" ಎಂದಿರುತ್ತದೆ. ಅದು ಮಿಶ್ರಣವನ್ನು ಬಿಡಿಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ 214 ಅಥವಾ 220 ನ್ಯಾನೊಮೀಟರಿನ ಬೆಳಕಿಗೆ ಕಂಡ ಶಿಖರಗಳ ವಿಸ್ತೀರ್ಣದ ಪಾಲು. ಆ ಬೆಳಕಿಗೆ ನೀರು ಕಾಣುವುದಿಲ್ಲ. ತಯಾರಿಯಲ್ಲಿ ಬಳಸಿ, ಪೆಪ್ಟೈಡಿಗೆ ಉಪ್ಪಾಗಿ ಅಂಟಿಕೊಂಡ ಟಿಎಫ್‌ಎ ಆಮ್ಲವೂ ಆ ಲೆಕ್ಕಕ್ಕೆ ಬರುವುದಿಲ್ಲ. ಪುಡಿಯ ತೂಕದಲ್ಲಿ ಇವೆರಡೂ ಇರುತ್ತವೆ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ತೇವಾಂಶ ನೋಡದೆ ಯಾರೂ ದರ ಕೂಗುವುದಿಲ್ಲ, ಅದರ ಲಕ್ಷಪಾಲು ಬೆಲೆಯ ಪುಡಿಯನ್ನು ಮಾತ್ರ ಹಸಿ ತೂಕಕ್ಕೇ ಒಪ್ಪಿಕೊಳ್ಳುತ್ತೇವೆ.

ಲೆಕ್ಕ ಹಾಕಿ ನೋಡಿ. ಡೋಟಾಟೇಟಿನ ಅಣುತೂಕ 1435.6. ಒಂದು ಅಣುವಿಗೆ ಎರಡು ಟಿಎಫ್‌ಎ (114 ಪ್ರತಿಯೊಂದಕ್ಕೆ) ಅಂಟಿದ್ದರೆ ಒಟ್ಟು ಸುಮಾರು 1664. ಅದರಲ್ಲಿ ಪೆಪ್ಟೈಡ್ 86%. ಮೇಲೆ 6% ನೀರು ಹೀರಿಕೊಂಡಿದ್ದರೆ 81%. ಅಂದರೆ ನೀವು 1 ಮಿಲಿಗ್ರಾಂ ತೂಗಿ "0.70 ಮೈಕ್ರೊಮೋಲ್" ಎಂದು ಬರೆದುಕೊಂಡದ್ದರಲ್ಲಿ ನಿಜಕ್ಕೂ ಇರುವುದು 0.56. ಇದಕ್ಕೆ ನೆಟ್ ಪೆಪ್ಟೈಡ್ ಕಂಟೆಂಟ್ ಎನ್ನುತ್ತಾರೆ. ಕೇಳಿದರೆ ಅಮೈನೊ ಆಮ್ಲ ವಿಶ್ಲೇಷಣೆಯಿಂದಲೋ ನೈಟ್ರೊಜನ್ ಅಳತೆಯಿಂದಲೋ ಮಾಡಿಕೊಡುತ್ತಾರೆ, ಬೇರೆ ದುಡ್ಡು. ಕೇಳದಿದ್ದರೆ ಸಾಮಾನ್ಯವಾಗಿ ಆ ಸಾಲೇ ಇರುವುದಿಲ್ಲ.

ಅದೃಷ್ಟಕ್ಕೆ ಈ ಪೆಪ್ಟೈಡಿನಲ್ಲಿ ಟ್ರಿಪ್ಟೊಫ್ಯಾನೂ ಟೈರೊಸಿನ್ನೂ ಇವೆ, ಯುವಿ ಸ್ಪೆಕ್ಟ್ರೊಫೋಟೊಮೀಟರ್ ನಮ್ಮ ಎಲ್ಲ ಫಾರ್ಮಸಿ ಕಾಲೇಜುಗಳಲ್ಲೂ ಇದೆ. 280 ನ್ಯಾನೊಮೀಟರಿನಲ್ಲಿ ಟ್ರಿಪ್ಟೊಫ್ಯಾನಿಗೆ 5500, ಟೈರೊಸಿನ್ನಿಗೆ 1490, ಡೈಸಲ್ಫೈಡಿಗೆ 125. ಒಟ್ಟು ಮೋಲಾರ್ ಹೀರಿಕೆ 7115. ಪುಡಿಯನ್ನು ಮಿಲಿಲೀಟರಿಗೆ 0.1 ಮಿಲಿಗ್ರಾಂ ಆಗುವಂತೆ ಕರಗಿಸಿ. ಎಲ್ಲವೂ ಪೆಪ್ಟೈಡೇ ಆಗಿದ್ದರೆ ಒಂದು ಸೆಂಟಿಮೀಟರ್ ಕುವೆಟ್ಟಿನಲ್ಲಿ 0.496 ತೋರಿಸಬೇಕು. 0.40 ತೋರಿಸಿದರೆ ನಿಮ್ಮ ಕೈಲಿರುವುದು 56 ಮೈಕ್ರೊಮೋಲಾರ್ ದ್ರಾವಣ, ಅಂದರೆ 81%. 320 ನ್ಯಾನೊಮೀಟರಿನಲ್ಲೂ ಓದಿ: ಅಲ್ಲಿ ಸೊನ್ನೆಗಿಂತ ಮೇಲಿದ್ದರೆ ದ್ರಾವಣದಲ್ಲಿ ಕರಗದ ಕಣಗಳಿವೆ, 280ರ ಓದನ್ನು ನಂಬಬೇಡಿ. ಹತ್ತು ನಿಮಿಷದ ಈ ಕೆಲಸಕ್ಕೆ ಬೇಕಾದದ್ದು 0.1 ಮಿಲಿಗ್ರಾಂ, ಅದೂ ಕುವೆಟ್ಟಿನಿಂದ ವಾಪಸು ಸಿಗುತ್ತದೆ.

ಈ ತಪ್ಪು ಎಲ್ಲಿ ಕಚ್ಚುತ್ತದೆ ಎಂಬುದರಲ್ಲೂ ಒಂದು ಸೂಕ್ಷ್ಮ ಇದೆ. ಒಂದೇ ದ್ರಾವಣವನ್ನು ಎಸ್‌ಎಸ್‌ಟಿಆರ್2 ಮತ್ತು ಎಸ್‌ಎಸ್‌ಟಿಆರ್5 ಎರಡರ ಮೇಲೂ ಹಾಕಿದಾಗ ಸಾಂದ್ರತೆಯ ತಪ್ಪು ಎರಡೂ ಕಡೆ ಒಂದೇ, ಆದ್ದರಿಂದ ಆಯ್ಕೆಯ ಅನುಪಾತ ಕೆಡುವುದಿಲ್ಲ. ಕೆಡುವುದು ಎರಡು ಪೆಪ್ಟೈಡುಗಳನ್ನು ಹೋಲಿಸುವಾಗ. ಒಂದು ಬ್ಯಾಚಿನಲ್ಲಿ 65%, ಇನ್ನೊಂದರಲ್ಲಿ 88% ಇದ್ದರೆ, ಎರಡರ ಬಂಧನಶಕ್ತಿ ಸಮನಾಗಿದ್ದರೂ ಮೊದಲನೆಯದು ಸುಮಾರು ಮೂರನೇ ಒಂದು ಭಾಗ ಕೀಳು ಎಂದು ಐಸಿ50 ಹೇಳುತ್ತದೆ. ಸಣ್ಣ ಬದಲಾವಣೆಗಳ ಸರಣಿ ಮಾಡಿ ಯಾವುದು ಮೇಲು ಎಂದು ಹುಡುಕುವವರಿಗೆ ಇದು ಪ್ರಾಜೆಕ್ಟಿನ ದಿಕ್ಕನ್ನೇ ತಪ್ಪಿಸಬಲ್ಲದು.

ಮಾಸ್ ಸ್ಪೆಕ್ಟ್ರಮ್ ಹಾಳೆಯನ್ನು ಬರೀ "ಸರಿ" ಎಂದು ಗೀಟು ಹಾಕಿ ಫೈಲಿಗೆ ಸೇರಿಸಬಾರದು. ಡೋಟಾಟೇಟಿಗೆ ಒಂದು ಆವೇಶದಲ್ಲಿ 1435.6, ಎರಡು ಆವೇಶದಲ್ಲಿ 718.3 ಬರಬೇಕು. ಎರಡು ಆವೇಶದ್ದು 719.3 ಇದ್ದರೆ ಉಂಗುರ ಮುಚ್ಚಿಲ್ಲ. ಮೂಲಕ್ಕಿಂತ 56 ಹೆಚ್ಚಿನ ಶಿಖರ ಇದ್ದರೆ ಡೋಟಾದ ಒಂದು ಟರ್ಟ್-ಬ್ಯುಟೈಲ್ ಮುಸುಕು ಉಳಿದಿದೆ. ಡೋಟಾದ ಎಸ್ಟರುಗಳು ಟಿಎಫ್‌ಎಯಲ್ಲಿ ನಿಧಾನವಾಗಿ ಬಿಡುತ್ತವೆ, ಬೇರೆ ಪೆಪ್ಟೈಡಿನಂತೆ ಎರಡು ತಾಸಿಗೆ ನಿಲ್ಲಿಸಿದರೆ ಹೀಗಾಗುತ್ತದೆ. 53 ಹೆಚ್ಚಿದ್ದರೆ ಕಬ್ಬಿಣ ಆಗಲೇ ಡೋಟಾದೊಳಗೆ ಕೂತಿದೆ. 14 ಕಡಿಮೆ ಇದ್ದರೆ ಅವರು ನಿಮಗೆ ಕಳಿಸಿರುವುದು ಡೋಟಾಟಾಕ್. ಜೋಡಿ ಅಣು ಮಾತ್ರ ಚಾಲಾಕಿ: ಎರಡು ಆವೇಶ ಹೊತ್ತ ಜೋಡಿಯೂ 1435.6ರಲ್ಲೇ ಕಾಣುತ್ತದೆ. ಐಸೊಟೋಪ್ ಶಿಖರಗಳ ಅಂತರ ಒಂದರ ಬದಲು ಅರ್ಧ ಇದ್ದರೆ ಅದು ಜೋಡಿ. ಗ್ರಾಫನ್ನು ಹಿಗ್ಗಿಸಿದ ಚಿತ್ರ ಕೇಳಿ ತರಿಸಿಕೊಳ್ಳದೆ ಇದು ತಿಳಿಯದು.

ಉಂಗುರದ ಅನುಮಾನಕ್ಕೆ ಬೆಂಗಳೂರಿಗೆ ಸ್ಯಾಂಪಲ್ ಕಳಿಸುವ ಮುನ್ನ ಎಲ್‌ಮನ್ ಪರೀಕ್ಷೆ ಇಲ್ಲೇ ಮಾಡಬಹುದು. ಪಿಎಚ್ 8ರ ಬಫರಿನಲ್ಲಿ ಡಿಟಿಎನ್‌ಬಿ (ಮುಚ್ಚದ ಗಂಧಕ, ಅಂದರೆ ಥಯೋಲ್, ಸಿಕ್ಕರೆ ಹಳದಿ ಬಣ್ಣ ಕೊಡುವ ರಾಸಾಯನಿಕ) ಹಾಕಿ 412 ನ್ಯಾನೊಮೀಟರಿನಲ್ಲಿ ಓದುವುದು. ಹೀರಿಕೆಯ ಗುಣಾಂಕ 14,150. ಪೂರ್ತಿ ತೆರೆದ 50 ಮೈಕ್ರೊಮೋಲಾರ್ ಪೆಪ್ಟೈಡು ಎರಡು ಥಯೋಲಿನ ಲೆಕ್ಕದಲ್ಲಿ 1.4 ತೋರಿಸುತ್ತದೆ, ಮುಚ್ಚಿದ್ದು ಸೊನ್ನೆಯ ಹತ್ತಿರ. ಹಳದಿ ಬಣ್ಣ ಕಣ್ಣಿಗೇ ಕಾಣುತ್ತದೆ.

ಡಿ-ರೂಪದ ಪರೀಕ್ಷೆ ಇಷ್ಟು ಸಲೀಸಲ್ಲ. ಡಿ ಮತ್ತು ಎಲ್ ರೂಪಗಳನ್ನು ಬೇರ್ಪಡಿಸಿ ತೋರಿಸುವ ಮಾರ್ಫಿ ರಿಯೇಜೆಂಟ್ ವಿಧಾನ ಎಲ್ಲರಿಗೂ ಗೊತ್ತು. ಆದರೆ ಅದಕ್ಕೆ ಮೊದಲು ಪೆಪ್ಟೈಡನ್ನು 6 ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿಗೆ ಕುದಿಸಿದರೆ ನಿಮಗೆ ಬೇಕಾದ ಟ್ರಿಪ್ಟೊಫ್ಯಾನೇ ನಾಶವಾಗುತ್ತದೆ. ಫಿನೈಲಅಲನಿನ್ನಿನ ರೂಪ ತಿಳಿಯುತ್ತದೆ, ಟ್ರಿಪ್ಟೊಫ್ಯಾನಿನದಲ್ಲ. ಅದಕ್ಕೆ ಮೀಥೇನ್‌ಸಲ್ಫೋನಿಕ್ ಆಮ್ಲದಲ್ಲಿ ಜಲವಿಭಜನೆ ಮಾಡಬೇಕು. ಇಷ್ಟು ಕಷ್ಟ ಬೇಡವೆಂದರೆ, ಖಚಿತ ಮೂಲದ ಡೋಟಾಟೇಟ್ ಸ್ಟ್ಯಾಂಡರ್ಡನ್ನು ಸ್ವಲ್ಪ ತರಿಸಿ, ಎರಡನ್ನೂ ಬೆರೆಸಿ ಸಿ18 ಕಾಲಮ್ಮಿನಲ್ಲಿ ನಿಧಾನದ ಗ್ರೇಡಿಯಂಟ್ ಓಡಿಸಿ. ಒಂದೇ ಶಿಖರವಾಗಿ ಬಂದರೆ ಡಿ-ರೂಪ, ಉಂಗುರ, ಡೋಟಾ ಕೂತ ಜಾಗ ಮೂರಕ್ಕೂ ಸಾಕ್ಷಿ ಸಿಕ್ಕಂತೆ.

ಲೋಹದ ವಿಷಯ ಸಿಓಎಯಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ. 50 ಮಿಲಿಕ್ಯೂರಿ ಗ್ಯಾಲಿಯಂ-68 (ಸ್ಕ್ಯಾನಿನಲ್ಲಿ ಕಾಣುವ ವಿಕಿರಣಶೀಲ ಗ್ಯಾಲಿಯಂ) ಎಂದರೆ ಪರಮಾಣುಗಳ ಲೆಕ್ಕದಲ್ಲಿ 18 ಪಿಕೊಮೋಲ್. 40 ಮೈಕ್ರೊಗ್ರಾಂ ಡೋಟಾಟೇಟ್ 28 ನ್ಯಾನೊಮೋಲ್, ಅಂದರೆ ಸಾವಿರದೈನೂರು ಪಟ್ಟು. ಇಷ್ಟು ಜಾಸ್ತಿ ಇದ್ದ ಮೇಲೆ ಚಿಂತೆ ಏಕೆ ಎನ್ನಿಸುತ್ತದೆ. ಒಂದೇ ಒಂದು ಮೈಕ್ರೊಗ್ರಾಂ ಕಬ್ಬಿಣ 18 ನ್ಯಾನೊಮೋಲ್! ಅಷ್ಟು ಬಿದ್ದರೆ ಅರ್ಧಕ್ಕಿಂತ ಹೆಚ್ಚು ಡೋಟಾ ಮೊದಲೇ ಭರ್ತಿ. ಕಬ್ಬಿಣ, ಅಲ್ಯುಮಿನಿಯಂ, ಸತು, ತಾಮ್ರ ಎಲ್ಲವೂ ಗ್ಯಾಲಿಯಂ ಜೊತೆ ಪೈಪೋಟಿಗೆ ಬರುತ್ತವೆ. ಅದರಲ್ಲೂ ನಮ್ಮ ಸೀಮೆಯಲ್ಲಿ ಕಬ್ಬಿಣದ ಧೂಳಿಗೆ ಬರವಿಲ್ಲ. ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ಮರಗಳ ಬಣ್ಣ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಲ್ಯಾಬಿನೊಳಗಿನ ಮುಖ್ಯ ಮೂಲಗಳು ಸ್ಟೀಲ್ ಸ್ಪ್ಯಾಚುಲಾ, ಸಿರಿಂಜಿನ ಲೋಹದ ಸೂಜಿ ಮತ್ತು ಬೋರ್‌ವೆಲ್ ನೀರನ್ನು ಲೋಹದ ಸ್ಟಿಲ್ಲಿನಲ್ಲಿ ಬಟ್ಟಿ ಇಳಿಸಿದ ನೀರು. 18.2 ಮೆಗಾಓಮ್ ನೀರು, ಪ್ಲಾಸ್ಟಿಕ್ ತುದಿ, ಲೋಹ ಹಿಡಿಯುವ ಚೆಲೆಕ್ಸ್ ರೆಸಿನ್ ಹಾಯಿಸಿದ ಬಫರ್ ಇಷ್ಟಿದ್ದರೆ ನಿಮ್ಮ ಕಡೆಯ ತಪ್ಪು ಇಲ್ಲ. ಆಮೇಲೂ ಲೇಬಲಿಂಗ್ ಕುಂಟಿದರೆ ಕಂಪನಿಯ ಪುಡಿಯನ್ನು ಅನುಮಾನಿಸಬಹುದು. ಆರ್ಡರಿನಲ್ಲೇ "ಕೊನೆಯ ಶುದ್ಧೀಕರಣದಲ್ಲಿ ಲೋಹರಹಿತ ನೀರು, ಐಸಿಪಿ-ಎಂಎಸ್ (ಲೋಹದ ಅಳತೆ) ವರದಿ" ಎಂದು ಕೇಳುವುದು ಒಳ್ಳೆಯದು, ಕೆಲವರು ಒಪ್ಪುತ್ತಾರೆ.

ಪ್ಯಾಕಿಂಗ್ ಪರವಾಗಿಲ್ಲ. ಒಣಗಿಸಿದ ಪುಡಿ ಒಂದೆರಡು ದಿನದ ಪ್ರಯಾಣ ತಡೆಯುತ್ತದೆ, ಐಸ್ ಪ್ಯಾಕ್ ಕರಗಿದ್ದಕ್ಕೆ ಗಾಬರಿ ಬೇಡ. ಶುಕ್ರವಾರ ರವಾನೆ ಬೇಡ ಎನ್ನಿ, ಏಪ್ರಿಲ್–ಮೇ ಬಿಸಿಲಿನಲ್ಲಿ ಕೊರಿಯರ್ ಗೋದಾಮಿನಲ್ಲಿ ಭಾನುವಾರ ಕಳೆಯುವುದು ಯಾವ ಪೆಪ್ಟೈಡಿಗೂ ಒಳ್ಳೆಯದಲ್ಲ. ವಯಲ್ ತಣ್ಣಗಿರುವಾಗ ಮುಚ್ಚಳ ತೆಗೆಯಬೇಡಿ. ಡೆಸಿಕೇಟರಿನಲ್ಲಿ ಅರ್ಧ–ಮುಕ್ಕಾಲು ಗಂಟೆ ಬಿಟ್ಟು ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ, ಇಲ್ಲದಿದ್ದರೆ ಮಳೆಗಾಲದ ಗಾಳಿಯ ತೇವ ಪುಡಿಗೆ ಇಳಿಯುತ್ತದೆ. ತೆರೆಯುವ ಮುಂಚೆ ಸೆಂಟ್ರಿಫ್ಯೂಜಿನಲ್ಲಿ ಒಂದು ಸುತ್ತು, ಮುಚ್ಚಳಕ್ಕೆ ಅಂಟಿದ ಪುಡಿ ಕೆಳಗಿಳಿಯಲಿ. ಮೇಲಿನ ಫ್ಯಾನ್ ಆರಿಸಿ. ಸ್ಥಿರವಿದ್ಯುತ್ತಿಗೆ ಈ ಪುಡಿ ಹಾರುತ್ತದೆ, ತೂಗುವುದಕ್ಕಿಂತ ವಯಲಿನಲ್ಲೇ ಕರಗಿಸಿ ಯುವಿಯಿಂದ ಅಳೆಯುವುದೇ ಲೇಸು. ಕರಗಿಸಿದ್ದನ್ನು 50 ಮೈಕ್ರೊಗ್ರಾಂ ಪಾಲುಗಳಾಗಿ ಹಂಚಿ ಮೈನಸ್ 20ರಲ್ಲಿ ಇಡಿ. ಫ್ರಾಸ್ಟ್-ಫ್ರೀ ಫ್ರಿಜ್ ಬೇಡ, ಅದು ತಾನೇ ಆಗಾಗ ಬಿಸಿಯಾಗುತ್ತದೆ. ಜೊತೆಗೆ ಬೆಸ್ಕಾಂ ಕರೆಂಟು ಹೋದಾಗಲೆಲ್ಲ ಇನ್ನೊಂದು ಕರಗು-ಹೆಪ್ಪು ಸುತ್ತು ಸೇರುತ್ತದೆ. ನ್ಯಾನೊಮೋಲಾರ್ ಮಟ್ಟಕ್ಕೆ ತೆಳು ಮಾಡುವಾಗ ಬಫರಿಗೆ 0.1% ಬಿಎಸ್‌ಎ ಪ್ರೋಟೀನ್ ಸೇರಿಸಿ, ಇಲ್ಲದಿದ್ದರೆ ಪೆಪ್ಟೈಡಿನ ಒಂದು ಪಾಲು ಪ್ಲಾಸ್ಟಿಕ್ ಗೋಡೆಗೇ ಅಂಟಿಕೊಂಡು ಕೂರುತ್ತದೆ.

ಬಂದ ಪುಡಿ "ಸಂಶೋಧನೆಗೆ ಮಾತ್ರ" ಎಂಬ ಚೀಟಿಯದು. ಲೇಬಲಿಂಗ್ ಎಷ್ಟೇ ಚೆನ್ನಾಗಿ ಆದರೂ ಇದನ್ನು ರೋಗಿಗೆ ಕೊಡುವಂತಿಲ್ಲ. ಅದಕ್ಕೆ ಜಿಎಂಪಿ (ಔಷಧ ತಯಾರಿಕೆಯ) ದರ್ಜೆ, ಸ್ಟೆರಿಲಿಟಿ, ಎಂಡೊಟಾಕ್ಸಿನ್ ಪರೀಕ್ಷೆ ಎಲ್ಲ ಬೇರೆಯೇ ದಾರಿ. ವಿಕಿರಣ ಕೆಲಸಕ್ಕೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಅನುಮತಿಯೂ ಬೇಕು. ಅನುಮತಿ ಇಲ್ಲದ ಲ್ಯಾಬು ಕೈಕಟ್ಟಿ ಕೂರಬೇಕಿಲ್ಲ. ಸಾಮಾನ್ಯ ಗ್ಯಾಲಿಯಂ, ವಿಕಿರಣವಿಲ್ಲದ 69 ಮತ್ತು 71ರ ಮಿಶ್ರಣ, ಡೋಟಾದೊಳಗೆ ಅದೇ ರೀತಿ ಕೂರುತ್ತದೆ, ಬಂಧನಶಕ್ತಿಯೂ ಅದೇ. 100 ಮೈಕ್ರೊಮೋಲಾರ್ ಪೆಪ್ಟೈಡಿಗೆ ಎರಡು–ಮೂರು ಪಾಲು ಗ್ಯಾಲಿಯಂ ನೈಟ್ರೇಟ್, ಪಿಎಚ್ 4ರ ಅಸಿಟೇಟ್ ಬಫರ್, 95 ಡಿಗ್ರಿಯಲ್ಲಿ ಹದಿನೈದು ನಿಮಿಷ. ಪಿಎಚ್ ಮೇಲೇರಿದರೆ ಗ್ಯಾಲಿಯಂ ಹೈಡ್ರಾಕ್ಸೈಡಾಗಿ ಕಣಗಟ್ಟುತ್ತದೆ, ತೀರಾ ಇಳಿದರೆ ಡೋಟಾದ ಕೈಗಳೆಲ್ಲ ಪ್ರೋಟಾನ್ ಹೊತ್ತು ಹಿಡಿಯುವುದಿಲ್ಲ. ಸಿ18 ಕಾರ್ಟ್ರಿಜ್ಜಿನಲ್ಲಿ ಉಳಿದ ಗ್ಯಾಲಿಯಂ ತೊಳೆಯಿರಿ. ಎರಡು ಆವೇಶದ ಶಿಖರ 718.3ರಿಂದ 751.3ಕ್ಕೆ ಸರಿದಿದ್ದರೆ ಲೋಹ ಕೂತಿದೆ. ಅಫಿನಿಟಿ ಅಳೆಯಬೇಕಾದದ್ದು ಈ ರೂಪದ ಮೇಲೆ, ಖಾಲಿ ಡೋಟಾ ಇರುವ ಪುಡಿಯ ಮೇಲಲ್ಲ.

ಐಸೊಟೋಪನ್ನು ಬೆಂಗಳೂರಿನಿಂದ ತರಿಸುವ ಯೋಚನೆ ಇದ್ದರೆ ದೂರದ ಲೆಕ್ಕ ವಿನ್ಯಾಸದಲ್ಲೇ ಬರಬೇಕು. ಸುಮಾರು 260 ಕಿಲೋಮೀಟರ್, ಲೋಡಿಂಗ್ ಸೇರಿ ಐದು ತಾಸು ಎನ್ನಿ. 68 ನಿಮಿಷ ಅರ್ಧಾಯುವಿನ ಗ್ಯಾಲಿಯಂ-68 ಅಷ್ಟರಲ್ಲಿ 5%ಕ್ಕೆ ಇಳಿದಿರುತ್ತದೆ. 110 ನಿಮಿಷದ ಫ್ಲೋರಿನ್-18 ಶೇಕಡಾ 15. ಆರು ಗಂಟೆಯ ಟೆಕ್ನೀಶಿಯಂ-99ಎಂ ಮಾತ್ರ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ, ಮೇಲಾಗಿ ಅದರ ಜನರೇಟರನ್ನೇ ಸ್ಥಳದಲ್ಲಿಟ್ಟುಕೊಳ್ಳಬಹುದು. ಗಾಮಾ ಕ್ಯಾಮೆರಾ ಮಾತ್ರ ಕೈಗೆಟುಕುವ ಊರಿಗೆ ಡೋಟಾ ಬದಲು ಟೆಕ್ನೀಶಿಯಂ ಹಿಡಿಯುವ ಹೈನಿಕ್ ತುದಿಯ ಪೆಪ್ಟೈಡ್ ಆರ್ಡರ್ ಮಾಡುವುದೇ ಬುದ್ಧಿವಂತಿಕೆ. ಟ್ರೈಸಿನ್ ಮತ್ತು ಇಡಿಡಿಎ ಜೊತೆಗಾರರಾಗಿ ಬೇಕು, ಟಿನ್ ಕ್ಲೋರೈಡ್ ತಾಜಾ ಇರಬೇಕು. ಹೈನಿಕ್ ಗುಂಪು ಅಸಿಟೋನ್, ಆಲ್ಡಿಹೈಡ್ ಆವಿಗೆ ಕೂಡಲೇ ಕೂಡಿಕೊಳ್ಳುತ್ತದೆ. ಗಾಜಿನ ಸಾಮಾನನ್ನು ಅಸಿಟೋನಿನಲ್ಲಿ ತೊಳೆಯುವ ಕಂಪನಿಯಿಂದ ಬಂದ ಪುಡಿಯಲ್ಲಿ 40 ಹೆಚ್ಚಿನ ಶಿಖರ ಕಂಡರೆ ಕಾರಣ ಅದೇ.

ಆರ್ಡರಿನಲ್ಲಿ ಇನ್ನೊಂದು ವಯಲಿಗೆ ಹಣ ಇಟ್ಟುಕೊಳ್ಳಿ: ಅದೇ ಅಮೈನೊ ಆಮ್ಲಗಳನ್ನು ಕಲಸಿ ಜೋಡಿಸಿದ ಕಂಟ್ರೋಲ್ ಪೆಪ್ಟೈಡ್. ಸಿಸ್ಟೀನ್‌ಗಳನ್ನು ಇದ್ದಲ್ಲೇ ಬಿಟ್ಟು, ಉಂಗುರದ ಗಾತ್ರ ಉಳಿಸಿ, ಒಳಗಿನ ನಾಲ್ಕನ್ನು ಮಾತ್ರ ಅದಲುಬದಲು ಮಾಡಿಸಿ. ಟ್ರಿಪ್ಟೊಫ್ಯಾನ್–ಲೈಸಿನ್ ಅಕ್ಕಪಕ್ಕ ಉಳಿಯದಂತೆ ನೋಡಿಕೊಳ್ಳಿ, ಉಳಿದರೆ ಅರೆಬರೆ ಅಂಟುತ್ತದೆ. ಆವೇಶ, ತೂಕ, ನೀರೊಲವು ಎಲ್ಲ ಒಂದೇ ಇರುವ ಈ ಜೋಡಿಯಲ್ಲಿ ಒಂದು ಮಾತ್ರ ಕೋಶಕ್ಕೆ ಅಂಟಿದರೆ, ಮತ್ತು ನೂರು ಪಟ್ಟು ಆಕ್ಟ್ರಿಯೊಟೈಡ್ ಸುರಿದಾಗ ಆ ಅಂಟು ಬಿಟ್ಟರೆ, ರಿಸೆಪ್ಟರಿನ ಮೂಲಕವೇ ಆಗುತ್ತಿದೆ ಎನ್ನಬಹುದು. ಇಲಿಯ ಪ್ಯಾಂಕ್ರಿಯಾಸ್ ಮೂಲದ ಎಆರ್42ಜೆ ಕೋಶಗಳು ಎಸ್‌ಎಸ್‌ಟಿಆರ್2 ಹೊತ್ತಿರುತ್ತವೆ, ಈ ಪರೀಕ್ಷೆಗೆ ಸಾಕು.

ತಕರಾರಿನ ವಿಷಯದಲ್ಲಿ ಕಂಪನಿಗಳ ನಡತೆ ಸಾಮಾನ್ಯವಾಗಿ ಕೆಟ್ಟದ್ದಲ್ಲ, ಪುರಾವೆ ಇದ್ದರೆ ಹೊಸದಾಗಿ ಮಾಡಿಕೊಡುತ್ತಾರೆ. ಪುರಾವೆ ಎಂದರೆ ತೆರೆಯದ ವಯಲ್. ತೆರೆದದ್ದಕ್ಕೆ "ನಿಮ್ಮಲ್ಲೇ ಕೆಟ್ಟಿರಬಹುದು ಸರ್" ಎಂಬ ಉತ್ತರ ತಯಾರಾಗಿರುತ್ತದೆ, ಅದನ್ನು ಅಲ್ಲಗಳೆಯುವುದೂ ಕಷ್ಟ. ಐದು ವಯಲಿನಲ್ಲಿ ಒಂದನ್ನು ಮಾತ್ರ ತೆರೆದು ಯುವಿ, ಎಲ್‌ಮನ್, ಎಚ್‌ಪಿಎಲ್‌ಸಿ ಮೂರನ್ನೂ ಮೊದಲ ವಾರದಲ್ಲೇ ಮುಗಿಸಿ, ಇನ್‌ವಾಯ್ಸಿನಲ್ಲಿ ಬರೆದಿರುವ ದೂರಿನ ಗಡುವು ಮುಗಿಯುವ ಮುನ್ನ ಮೇಲ್ ಹಾಕಿ. ಲಾಟ್ ನಂಬರು ಐದೂ ವಯಲಿನ ಮೇಲೆ ಒಂದೇ ಇದೆಯೇ ಎಂದು ಬಂದ ದಿನವೇ ಫೋಟೋ ತೆಗೆದಿಟ್ಟುಕೊಳ್ಳಿ.